ವಂದನಾರ್ಪಣೆ

ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕನಾಗಿ ಕೂತಿದ್ದ ತಿಪ್ಪೇರುದ್ರ, ಹೊತ್ತು ಹೋಗಲೆಂದು ಬಿಚ್ಚಿಕೊಂಡ ನೋಟುಪುಸ್ತಕದಲ್ಲಿ ಹಿಂದೆ ಯಾವತ್ತೋ ತಾನೇ ಬರೆದಿಟ್ಟಿದ್ದ ಒಂದು ಟಿಪ್ಪಣಿಯನ್ನು ಓದಿ, ಮೊದಲು ಅದರ ಕನ್ನಡ ಎಷ್ಟು ಚೆನ್ನಾಗಿದೆ ಎಂದುಕೊಂಡ; ಆಮೇಲೆ ಅದರ ಅರ್ಥ ತಲೆಗಿಳಿದು ಕೂತಲ್ಲೇ ಬೆವತುಹೋದ. 'ಮತ್ತಿನ ಪುಡಿ ಬೆರೆಸಿದ ಸೇಂದಿಯನ್ನು ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ನಿದ್ದೆಗೇಡು, ಫಿಟ್ಸ್ ಬರಬಹುದು. ಗರ್ಭಿಣಿಯರಲ್ಲಿ ಇದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ವೈದ್ಯರ ನೆರವಿನಿಂದ ಹಂತಹಂತವಾಗಿಯೇ ಬಿಡಿಸತಕ್ಕದ್ದು.' ಬೆಂಗಳೂರಿನಿಂದ ಸಂಶೋಧನೆಯ ಗೈಡು ಕಳಿಸಿದ ಜೆರಾಕ್ಸ್ ಲೇಖನಗಳ ಸಾರವನ್ನು ಮಳೆಗಾಲದ ಒಂದು ಭಾನುವಾರ ಕೂತು ಇಳಿಸಿಕೊಂಡಿದ್ದು. ಕೊನೆಯ ಸಾಲಿನ ಕೆಳಗೆ ಸ್ಕೇಲಿಟ್ಟು ಕೆಂಪು ಗೆರೆಯನ್ನೂ ಎಳೆದಿದ್ದ. ಮೊನ್ನೆ ಗುರುವಾರ ಸಂಜೆ ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಏಳು ತಿಂಗಳ ಬಸುರಿ ಸೂರಮ್ಮನಿಗೆ, ಇವತ್ತಿನಿಂದಲೇ ಪೂರ್ತಿ ಬಿಟ್ಟುಬಿಡಿ ಎಂದು ಹೇಳಿ ಬಂದಿದ್ದವನೂ ಅವನೇ. ಇವತ್ತು ಶನಿವಾರ. ಬೆರಳು ಮಡಚಿ ಎಣಿಸಿದ. ಎರಡನೇ ಸಾಲಿನ ಹುಡುಗಿಯೊಬ್ಬಳು ಅಡಿಷನಲ್ ಶೀಟು ಕೇಳಲು ಎದ್ದು ನಿಂತು ಎಷ್ಟೋ ಹೊತ್ತಾಗಿತ್ತು. ಅವನು ಬೆರಳೆಣಿಸುವುದನ್ನು ಕಂಡು, ಉತ್ತರವನ್ನೇನಾದರೂ ಸನ್ನೆಯಲ್ಲಿ ಹೇಳುತ್ತಿದ್ದಾರೋ ಎಂಬಂತೆ ಆಸೆಯಿಂದ ನೋಡುತ್ತಿದ್ದಳು.

ಚಳ್ಳಕೆರೆಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅಧ್ಯಾಪಕನಾಗಿದ್ದ ತಿಪ್ಪೇರುದ್ರನಿಗೆ ಈ ವಿಷಯ ದಕ್ಕಿದ್ದು ಅವನ ತಾಯಿಯ ತವರಿನಿಂದಾಗಿ. 'ಗರ್ಭಿಣಿ ಹಾಗೂ ಬಾಣಂತಿಯರಲ್ಲಿ ಮಾದಕ ವಸ್ತುಗಳ ಬಳಕೆ ಮತ್ತು ಆರೈಕೆಯ ಲಭ್ಯತೆ' ಎಂಬ ಅಧ್ಯಯನಕ್ಕೆ ಗೈಡು ಮೊದಲು ನೇಮಿಸಿಕೊಂಡಿದ್ದ ಹುಡುಗಿ ಮದುವೆಯಾಗಿ ದಾವಣಗೆರೆಗೆ ಹೋದಳು. ಗಡಿಯ ಹಳ್ಳಿಗಳಲ್ಲಿ ತೆಲುಗು ಬಲ್ಲವರು ಬೇಕಿತ್ತು. ಇವನ ತಾಯಿ ರಾಯದುರ್ಗದವಳು. "ನೀವು ಸೂಕ್ಷ್ಮ ಸ್ವಭಾವದವರು, ಹೆಂಗಸರ ಹತ್ತಿರ ಚೆನ್ನಾಗಿ ಮಾತಾಡ್ತೀರಿ," ಎಂದು ಗೈಡು ಹೇಳಿದ್ದನ್ನು ಮನೆಗೆ ಬಂದು ನಿರ್ಮಲಾಗೆ ಹೇಳಿದಾಗ, ಪ್ರೈಮರಿ ಶಾಲೆಯ ಟೀಚರಾಗಿದ್ದ ಅವನ ಹೆಂಡತಿ ಉತ್ತರಪತ್ರಿಕೆಗಳಿಂದ ತಲೆಯೆತ್ತದೆ, "ನನ್ನ ಬಾಣಂತನದಾಗೆ ಒಂದು ಚೆಂಬು ಬಿಸಿನೀರು ಕಾಯಿಸಿ ಕೊಡಾಕೆ ಬರ್ಲಿಲ್ಲ ನಿಮಗೆ. ಈಗ ಊರ ಬಾಣಂತೇರನ್ನೆಲ್ಲ ವಿಚಾರಿಸ್ಕಳಾಕೆ ಹೊಂಟ್ರಾ?" ಎಂದಿದ್ದಳು. ಅವನು ನಕ್ಕಿದ್ದ. ಒಳಗೊಳಗೆ ಆ ಮಾತು ಚುಚ್ಚಿತ್ತಾದರೂ, ಸೂಕ್ಷ್ಮ ಸ್ವಭಾವದವರಿಗೆ ಇಂಥದ್ದು ಚುಚ್ಚುವುದು ಸಹಜವೇ ಎಂದು ಸಮಾಧಾನ ಮಾಡಿಕೊಂಡಿದ್ದ.

ಸೂಕ್ಷ್ಮ ಸ್ವಭಾವದವನು ಮೊದಲ ದಿನ ಮೊಳಕಾಲ್ಮೂರಿನ ಮಗ್ಗದ ಮನೆಯೊಂದಕ್ಕೆ ಹೋದಾಗ ಏನಾಯಿತೆಂಬುದನ್ನು ಅವನು ನಿರ್ಮಲಾಗೆ ಹೇಳಿರಲಿಲ್ಲ. ಜೊತೆಗೆ ಬಂದಿದ್ದ ನರ್ಸು ಮಂಜುಳಮ್ಮ ಹೊಸ್ತಿಲಲ್ಲೇ, "ನೋಡ್ರಮ್ಮಾ, ಇವರು ಚಳ್ಳಕೆರೆ ಮೇಷ್ಟ್ರು. ನೀವು ಬಸುರಾಗಿದ್ದಾಗ ಏನೇನ್ ಕುಡೀತೀರಿ ಅಂತ ಬರ್ಕಳಾಕೆ ಬಂದವ್ರೆ," ಎಂದು ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಟ್ಟಳು. ಮಗ್ಗದ ಸದ್ದು ನಿಂತಿತು. ನೇಯ್ಗೆಯ ಎಳೆಯನ್ನು ಕಂಡಿಕೆಗೆ ಸುತ್ತುತ್ತಿದ್ದ ಆರೇಳು ಹೆಂಗಸರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವನು ಅಂಗಳದ ಮಂಚದ ಮೇಲೆ ಮಂಡಿ ಜೋಡಿಸಿ ಕೂತು ಪೆನ್ನಿನ ಮುಚ್ಚಳ ತೆಗೆದಾಗ, ಯಾರೋ ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು, "ಏಮಿ ರಾಸುಕುಂಟಾಂಡಾಡೋ ಏಮೋ," ಎಂದಳು. ಏನು ಬರೆದುಕೊಳ್ಳುತ್ತಾನೋ ಏನೋ ಎಂದು ಉಳಿದವರೂ ನಕ್ಕರು. ತಾಯಿಯ ಭಾಷೆಯಾದ್ದರಿಂದ ಅದು ಅವನಿಗೆ ಪೂರ್ತಿ ಅರ್ಥವಾಯಿತು. ಒಬ್ಬ ಮುದುಕಿ ಹತ್ತಿರ ಬಂದು, ತಾನು ಏಳು ಹೆತ್ತವಳೆಂದೂ, ಏಳಕ್ಕೂ ನಶ್ಯ ಏರಿಸಿದವಳೆಂದೂ ಹೇಳಿ, ಡಬ್ಬಿ ತೆಗೆದು ಅವನಿಗೂ ಒಂದು ಚಿಟಿಕೆ ನೀಡಿದಳು. ಬೇಡವೆಂದರೆ ಮನಸ್ಸು ನೋಯಿಸಿದಂತಾಗುತ್ತದೆಂದು ಏರಿಸಿದ. ಹದಿನಾಲ್ಕು ಸಲ ಸೀನಿದ. ಎಷ್ಟು ಸಲವೆಂಬುದನ್ನು ಆ ಹೆಂಗಸರೇ ಒಟ್ಟಾಗಿ, ತೆಲುಗಿನಲ್ಲಿ ಗಟ್ಟಿಯಾಗಿ ಎಣಿಸಿ ಹೇಳಿದರು.

ಸೂರಮ್ಮ ಸಿಕ್ಕಿದ್ದು ಅಲ್ಲೇ, ಆದರೆ ಆ ದಿನವಲ್ಲ. ರಾಯದುರ್ಗದ ದಾರಿಯಲ್ಲಿ ಎರಡು ಮೈಲಿ ದೂರದ ಹಟ್ಟಿಯವಳು. ಅದೇ ಮಗ್ಗದ ಮನೆಗೆ ದಿನವೂ ನಡೆದು ಬಂದು ಕಂಡಿಕೆ ಸುತ್ತುತ್ತಿದ್ದಳು. ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು. ಉಳಿದವರು 'ಇಲ್ಲ', 'ಗೊತ್ತಿಲ್ಲ', 'ಅಂಥವ್ರು ಆ ಕಡೆ ಓಣ್ಯಾಗವ್ರೆ' ಎಂದು ಅವನನ್ನು ಓಣಿಯಿಂದ ಓಣಿಗೆ ದಾಟಿಸುತ್ತಿದ್ದಾಗ, ಸೂರಮ್ಮ ಮಾತ್ರ ಅವನು ಕೇಳಿದ್ದಕ್ಕೆಲ್ಲ ಸೀದಾ ಉತ್ತರ ಕೊಟ್ಟಳು. ಹೌದು, ಕುಡಿಯುತ್ತೇನೆ. ಗಡಿಯಾಚೆ ಈಚಲ ಮರದ ಬುಡದ ಗುಡಿಸಲಿನಲ್ಲಿ ಸಿಗುತ್ತೆ. ಬರೀ ಸೇಂದಿಯಲ್ಲ, ಪುಡಿ ಹಾಕಿದ್ದು. ಪುಡಿ ಹಾಕದ್ದು ಮಜ್ಜಿಗೆ ಇದ್ದಂಗೆ ಇರ್ತೈತೆ, ಅದನ್ನ ಯಾರು ಕುಡೀತಾರೆ? ಮೊದಲನೇ ಕೂಸು ಹೊಟ್ಟೆಯಲ್ಲೇ ಹೋದ ಮೇಲೆ ನಿದ್ದೆ ಬರುತ್ತಿರಲಿಲ್ಲ, ಆಗ ಶುರುವಾಯಿತು. ಈಗ ದಿನಾ ಎರಡು ಸೀಸೆ. ಕುಡಿಯದಿದ್ದರೆ ಕೈ ನಿಲ್ಲಲ್ಲ, ಎಳೆ ಹರೀತೈತೆ, ಮಗ್ಗದ ಯಜಮಾನ ಬೈತಾನೆ. "ಮನೆಯವರಿಗೆ ಗೊತ್ತಾ?" ಎಂದು ಅವನು ದನಿ ತಗ್ಗಿಸಿ ಕೇಳಿದ್ದಕ್ಕೆ ಅವಳು ಮಾತಾಡಲಿಲ್ಲ. ಅವನು ಆ ಮೌನವನ್ನು 'ಕುಟುಂಬದಿಂದ ಮುಚ್ಚಿಡಲಾಗಿದೆ' ಎಂದು ಬರೆದುಕೊಂಡು, ನೀವು ಹೇಳಿದ್ದು ನಮ್ಮಿಬ್ಬರಲ್ಲೇ ಇರುತ್ತದೆ ಎಂದು ಮಾತು ಕೊಟ್ಟ. ಅಂದು ಬಸ್ಸಿನಲ್ಲಿ ವಾಪಸು ಬರುವಾಗ ಅವನಿಗೆ ಖುಷಿಯಾಗಿತ್ತು. ಹದಿನೇಳನೆಯ ಕೇಸು. ಬಸುರಿಯಾಗಿದ್ದಾಗ ಒಮ್ಮೆ, ಹೆತ್ತ ಮೇಲೆ ಒಮ್ಮೆ ಕೇಳಬೇಕಾದ ಅರವತ್ತೆರಡು ಪ್ರಶ್ನೆಗಳಿಗೂ ಉತ್ತರ ಸಿಗಬಹುದಾದ ಒಂದೇ ಕೇಸು. ತಳಕು ದಾಟುವಾಗ, ಈಕೆ ಹೆರಿಗೆಯವರೆಗೂ ಹೀಗೇ ಕುಡಿಯುತ್ತಿದ್ದರೆ ಅಧ್ಯಯನಕ್ಕೆ ಎಷ್ಟು ಅನುಕೂಲ ಎಂಬ ಯೋಚನೆ ಬಂದು, ಛೆ ಎಂದುಕೊಂಡ. ಹಾಗೆ ಛೆ ಎಂದುಕೊಳ್ಳಲು ಬಂದದ್ದಕ್ಕಾಗಿ ತನ್ನ ಬಗ್ಗೆ ತುಸು ಮೆಚ್ಚುಗೆಯೂ ಆಯಿತು.

ಬಹುಶಃ ಆ ಛೆ ಎಂಬುದೇ ಗುರುವಾರ ಅವನ ಬಾಯಿಂದ ಮಾತಾಡಿತು. ಸೂರಮ್ಮ ಬಸ್‌ಸ್ಟ್ಯಾಂಡಿಗೆ ಅವನನ್ನು ಹುಡುಕಿಕೊಂಡು ಬಂದಿದ್ದಳು. ಕಟ್ಟೆಯ ಮೇಲೆ ಕೂರೆಂದರೂ ಕೂರದೆ, ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು, "ಮೇಷ್ಟ್ರೇ, ನೀವು ಇಷ್ಟೆಲ್ಲ ಕೇಳಿದ್ರಿ. ನಾನೊಂದು ಕೇಳ್ಲಾ?" ಎಂದಳು. "ಇದನ್ನ ಬಿಡೋದು ಹೆಂಗೆ?" ಅವನ ಅರವತ್ತೆರಡು ಪ್ರಶ್ನೆಗಳಲ್ಲಿ ಇದಿರಲಿಲ್ಲ. ಬಸ್ಸು ಹೊರಡಲು ಸಿದ್ಧವಾಗಿತ್ತು. ಆ ಕ್ಷಣ ಅವನೊಳಗೆ ಸೊಳ್ಳೆಯಂಥದ್ದೇನೋ ಗುಂಯ್ ಎಂದದ್ದು ನಿಜ: ಎಲ್ಲೋ ಓದಿದ್ದೇನೆ, ಇದರ ಬಗ್ಗೆ ಎಲ್ಲೋ ಬರೆದಿದ್ದೇನೆ. ಆದರೆ ತನ್ನನ್ನೇ ನೆಚ್ಚಿ ನೋಡುತ್ತಿರುವ ಹೆಂಗಸೊಬ್ಬಳೆದುರು ಮಾತಾಡುವ ಸುಖ ಅದಕ್ಕಿಂತ ದೊಡ್ಡದಾಗಿತ್ತು. "ಬಿಟ್ಟುಬಿಡಿ, ಸೂರಮ್ಮ. ನಾಳೆ ಅಂತ ಇಟ್ಕೋಬೇಡಿ, ಇವತ್ತಿನಿಂದಲೇ. ಮನಸ್ಸು ಗಟ್ಟಿ ಮಾಡಿಕೊಂಡ್ರೆ ಏನೂ ಆಗಲ್ಲ. ಹೊಟ್ಟೆಯಲ್ಲಿರೋ ಮಗೂನ ನೆನಸ್ಕೊಳ್ಳಿ," ಎಂದ. ದನಿ ಅವನಿಗೇ ಹಿತವಾಗಿ ಕೇಳಿಸಿತು. ಅವಳು ತಲೆಯಾಡಿಸಿ, "ನೀವೇಳಿದ್ ಮ್ಯಾಲೆ ಆತು," ಎಂದು ಹೋದಳು. ಬಸ್ಸಿನ ಕಿಟಕಿಯಿಂದ ಅವನು ಕೈಯನ್ನೂ ಎತ್ತಿದ್ದ.

ಪರೀಕ್ಷೆ ಮುಗಿದು ಉತ್ತರಪತ್ರಿಕೆಗಳನ್ನು ಕಟ್ಟಿ ಒಪ್ಪಿಸುವ ಹೊತ್ತಿಗೆ ಒಂದೂವರೆ. ಅವನು ಸೀದಾ ಎಸ್‌ಟಿಡಿ ಬೂತಿಗೆ ಹೋಗಿ ಮಂಜುಳಮ್ಮನಿದ್ದ ಆರೋಗ್ಯ ಕೇಂದ್ರದ ನಂಬರು ತಿರುಗಿಸಿದ. ಆ ಕಡೆ ಗಂಟೆ ಹೊಡೆದುಕೊಂಡಿತು. ಎತ್ತಿದರೆ ಏನು ಹೇಳಬೇಕು? ನಾನು ಬಿಡು ಎಂದಿದ್ದೆ, ಈಗ ಕುಡಿ ಎಂದು ಹೇಳಿ, ಎನ್ನಬೇಕೇ? ಯಾರೂ ಎತ್ತಲಿಲ್ಲ. ರಿಸೀವರು ಇಡುವಾಗ ಎದೆ ಹಗುರವಾದದ್ದು ಅವನ ಗಮನಕ್ಕೆ ಬಂತು; ಬಂದದ್ದನ್ನು ಬೇಗನೆ ಮರೆತ. ನಾಲ್ಕು ಗಂಟೆಗೆ ಬಸ್ಸಿತ್ತು. ಆದರೆ ಸಂಜೆ ಐದಕ್ಕೆ ನಿವೃತ್ತರಾಗುತ್ತಿರುವ ಪ್ರಿನ್ಸಿಪಾಲರ ಬೀಳ್ಕೊಡುಗೆ, ವಂದನಾರ್ಪಣೆ ಅವನದು. ಆಹ್ವಾನ ಪತ್ರಿಕೆಯಲ್ಲಿ ಹೆಸರು ಅಚ್ಚಾಗಿತ್ತು, ಎಲ್ಲಕ್ಕಿಂತ ಕೆಳಗೆ, ಆದರೂ ಅಚ್ಚಾಗಿತ್ತು. ಲೇಖನದಲ್ಲಿದ್ದದ್ದು 'ಬರಬಹುದು' ಎಂದು, 'ಬರುತ್ತದೆ' ಎಂದಲ್ಲ. ಅಷ್ಟಕ್ಕೂ ಅವಳು ಬಿಟ್ಟಿರುತ್ತಾಳೆಯೇ? ಇಂಥವರು ಹೇಳಿದ ಕೂಡಲೇ ಬಿಡುವುದುಂಟೇ? ಈ ಪ್ರಶ್ನೆ ಅವನಿಗೆ ಬಹಳ ನೆಮ್ಮದಿ ಕೊಟ್ಟಿತು. ಅವಳು ದುರ್ಬಲ ಮನಸ್ಸಿನವಳಾಗಿರಲಿ, ಗುಡಿಸಲಿಗೆ ಹೋಗಿ ಕುಡಿದಿರಲಿ ಎಂದು ಮನಸಾರೆ ಹಾರೈಸಿದ. ಐದು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವೇದಿಕೆ ಹತ್ತಿದ. ಎಣ್ಣೆ ಮಿಲ್ಲುಗಳ ಕಡೆಯಿಂದ ಬರುತ್ತಿದ್ದ ಶೇಂಗಾ ಹಿಂಡಿಯ ವಾಸನೆಯ ನಡುವೆ, ಅಧ್ಯಕ್ಷರಿಗೆ, ಅತಿಥಿಗಳಿಗೆ, ಶಾಮಿಯಾನದವರಿಗೆ, ಮೈಕಿನವರಿಗೆ, ಉಪ್ಪಿಟ್ಟು ಮಾಡಿದವರಿಗೆ, ಒಬ್ಬರನ್ನೂ ಬಿಡದೆ ವಂದಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರನ್ನೂ ಮರೆಯಲಿಲ್ಲವಲ್ಲ ನೀವು, ಎಂದು ಪ್ರಿನ್ಸಿಪಾಲರು ಬೆನ್ನು ತಟ್ಟಿದರು.

ಭಾನುವಾರ ಬೆಳಗಿನ ಬಸ್ಸಿಗೆ ಅವನು ಹೊರಟಾಗ ನಿರ್ಮಲಾ, "ರಜಾ ದಿನಾನೂ ಬಾಣಂತನವೇನು?" ಎಂದಳು. ಮೊಳಕಾಲ್ಮೂರಿಗೆ ಮೊದಲು ಸಿಗುವ ಹಾನಗಲ್ಲಿನಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಡ್ರೈವರು ಇಡ್ಲಿ ತಿನ್ನುವುದನ್ನು ಕಿಟಕಿಯಿಂದ ನೋಡುತ್ತ, ಎಂಥ ಬೇಜವಾಬ್ದಾರಿ ಎಂದು ಅವನಿಗೆ ಸಿಟ್ಟು ಬಂತು. ಮೊಳಕಾಲ್ಮೂರಿನಲ್ಲಿ ಇಳಿದವನಿಗೆ ಮಂಜುಳಮ್ಮ ಆಸ್ಪತ್ರೆಯ ಗೇಟಿನಲ್ಲೇ ಎದುರಾದಳು. "ಅಯ್ಯೋ ನಿಮಗ್ಯಾರು ಹೇಳಿದ್ರು ಸಾರ್? ನಿಮ್ ಸೂರಮ್ಮಂಗೆ ಬೆಳಗಿನ ಜಾವದಾಗೆ ಫಿಟ್ಸ್ ಬಂದೈತೆ. ಎರಡು ಸಲ. ಎತ್ತಿನ ಗಾಡ್ಯಾಗೆ ಹಾಕ್ಕಂಡ್ ಬಂದ್ರು." ನಿಮ್ ಸೂರಮ್ಮ ಎಂದ ಮಾತು ಯಾರಿಗಾದರೂ ಕೇಳಿಸಿತೋ ಎಂದು ಅವನು ಹಿಂದೆ ತಿರುಗಿ ನೋಡಿದ.

ಒಳಗೆ ಕಬ್ಬಿಣದ ಮಂಚದ ಮೇಲೆ ಸೂರಮ್ಮ ಒಂದು ಮಗ್ಗುಲಾಗಿ ಬಿದ್ದಿದ್ದಳು. ನಾಲಿಗೆ ಕಚ್ಚಿಕೊಂಡು ತುಟಿಯ ಕೊನೆಯಲ್ಲಿ ರಕ್ತ ಒಣಗಿತ್ತು; ಕಣ್ಣು ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ; ಎಡಗೈಯ ಬೆರಳುಗಳು ಇಲ್ಲದ ಎಳೆಯೊಂದನ್ನು ಸುತ್ತುತ್ತಲೇ ಇದ್ದವು. ಗಂಡ ಯತ್ತಪ್ಪ, ಚಳ್ಳಕೆರೆ ಮಂಡಿಯಲ್ಲಿ ಮೂಟೆ ಹೊರುವವನು, ಭಾನುವಾರವೆಂದು ಊರಿಗೆ ಬಂದಿದ್ದವನು, ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಿದ್ದ. ಅತ್ತೆ ಕೊಟ್ರಮ್ಮ ಸೊಸೆಯ ಅಂಗಾಲು ತಿಕ್ಕುತ್ತಿದ್ದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಕ್ಕಿಲ್ಲ. ಬೀಪಿ ಪಟ್ಟಿಯನ್ನು ಮೂರನೇ ಸಲ ಸುತ್ತುತ್ತ, "ಬಸುರಿ ನಂಜಿನ ಫಿಟ್ಸ್ ಅನ್ನೋಣ ಅಂದ್ರೆ ಬೀಪಿ ಅಷ್ಟಿಲ್ಲ, ಕಾಲು ಊದಿಲ್ಲ. ಆದ್ರೂ ಚಿತ್ರದುರ್ಗಕ್ಕೆ ಕಳಿಸ್ತೀನಿ. ಅಲ್ಲಿ ಮಗು ತೆಗೀಬೇಕಾಗಬಹುದು. ಏಳು ತಿಂಗಳು, ಉಳಿಯೋದು ಕಷ್ಟ," ಎಂದಳು.

ತಿಪ್ಪೇರುದ್ರ ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದ. ಅವನಿಗೆ ಗೊತ್ತಿತ್ತು. ಆ ಕೋಣೆಯಲ್ಲಿ ಅವನಿಗೊಬ್ಬನಿಗೇ ಗೊತ್ತಿತ್ತು, ಅಥವಾ ಹಾಗೆಂದು ಅವನು ನಂಬಿದ್ದ. ಬಾಯಿ ಬಿಟ್ಟರೆ ಒಂದು ವಾಕ್ಯ. ಆದರೆ ಅವಳು ಮನೆಯವರಿಂದ ಮುಚ್ಚಿಟ್ಟದ್ದನ್ನು, ಗಂಡನೂ ಅತ್ತೆಯೂ ಕೂತಿರುವಾಗ ಬಯಲು ಮಾಡುವುದೇ? ಮಾತು ಕೊಟ್ಟಿದ್ದೇನೆ. ಚೀಲದಲ್ಲಿರುವ ಫಾರಮ್ಮಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ, ಮಾಹಿತಿಯನ್ನು ಗೋಪ್ಯವಾಗಿಡಲಾಗುವುದು ಎಂದು. ಸಂಶೋಧಕನ ಧರ್ಮಸಂಕಟ ಎನ್ನುವುದು ಇದನ್ನೇ ಅಲ್ಲವೇ ಎಂದು ಯೋಚಿಸುತ್ತಿರುವಾಗಲೇ, ಆ ಪದದ ಘನತೆಯ ಹಿಂದೆ ಕೂತು ಅವನನ್ನು ತಡೆಯುತ್ತಿದ್ದದ್ದು ಬೇರೆಯದೇ ಒಂದು ಎಂಬುದೂ ಅವನಿಗೆ ಕಾಣುತ್ತಿತ್ತು: ಕುಡಿತ ಬಿಟ್ಟಿದ್ದಾಳೆ ಎಂದು ಹೇಳಿದರೆ, ಬಿಡು ಅಂದವರು ಯಾರು ಎಂದು ಈ ಡಾಕ್ಟರು ಕೇಳಿಯೇ ಕೇಳುತ್ತಾಳೆ. ಡಾಕ್ಟರನ್ನು ಹೊರಗೆ ಕರೆದು ಹೇಳಬಹುದು. ಹೌದು, ಹೊರಗೆ ಕರೆಯಬೇಕು. ಅವನು ಗಂಟಲು ಸರಿಮಾಡಿಕೊಂಡ. ಡಾಕ್ಟರು ತಿರುಗಿ ನೋಡಿದಳು. ಅವನು ಡ್ರಮ್ಮಿನ ನಲ್ಲಿ ತಿರುಗಿಸಿ ಒಂದು ಲೋಟ ನೀರು ಕುಡಿದ.

"ಅಮ್ಮಾ ಡಾಕ್ಟರಮ್ಮಾ," ಎಂದಳು ಕೊಟ್ರಮ್ಮ, ಕಾಲು ತಿಕ್ಕುವುದನ್ನು ನಿಲ್ಲಿಸದೆ. "ಇದು ಬಸುರಿ ನಂಜಲ್ಲ. ಇವಳು ಮೂರು ದಿನದಿಂದ ಸೇಂದಿ ಬಿಟ್ಟವ್ಳೆ. ಪುಡಿ ಸೇಂದಿ. ನಾನೂ ಕುಡಿಯೋಳೇಯಾ, ನನಗೆ ಗೊತ್ತಿಲ್ವಾ? ನಮ್ ಓಣ್ಯಾಗೆ ಒಬ್ಬ ಹಿಂಗೇ ಒಂದೇ ಸಲಕ್ಕೆ ಬಿಟ್ಟು ಒದ್ಕಂಡಿದ್ದ. ಬ್ಯಾಡ ಕಣೇ, ದಿನಕ್ಕಿಷ್ಟು ಕಮ್ಮಿ ಮಾಡಾನ ಅಂದೆ. ಕೇಳ್ಲಿಲ್ಲ."

ಡಾಕ್ಟರು ಕೈಯಲ್ಲಿದ್ದ ಪಟ್ಟಿಯನ್ನು ಕೆಳಗಿಟ್ಟಳು. "ಇಷ್ಟೊತ್ತು ಯಾಕಮ್ಮ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ."

ಮಂಜುಳಮ್ಮ ಓಡಿಹೋಗಿ ಡಾಕ್ಟರು ಹೇಳಿದ ಇಂಜೆಕ್ಷನ್ ತಂದಳು. ನರ ಹುಡುಕುತ್ತ ಡಾಕ್ಟರು ಹಲ್ಲು ಕಚ್ಚಿಕೊಂಡೇ ಕೇಳಿದಳು: "ಒಂದೇ ಸಲಕ್ಕೆ ಬಿಡು ಅಂತ ಯಾವ ಬುದ್ಧಿವಂತ ಹೇಳಿದ್ದು ಇವಳಿಗೆ?"

ಕೊಟ್ರಮ್ಮ ತಲೆಯೆತ್ತಿ ನೀರಿನ ಡ್ರಮ್ಮಿನ ಕಡೆ ನೋಡಿದಳು. ಅಲ್ಲಿ ಲೋಟ ಹಿಡಿದು ನಿಂತವನ ಮುಖದ ಮೇಲೆ ಅವಳ ಕಣ್ಣು ಎಷ್ಟು ಹೊತ್ತು ನಿಂತಿತೆಂದರೆ, ಅವನು ಮುಂದಿನ ಮಾತನ್ನು ಕೇಳಿಸಿಕೊಳ್ಳಲು ಸಿದ್ಧನಾಗಿಬಿಟ್ಟ. "ಯಾರೋ ಹೇಳಿರ್ಬೇಕು ಬಿಡ್ರಮ್ಮಾ," ಎಂದಳು ಅವಳು. "ಹೇಳೋರು ಊರ್ ತುಂಬ ಅವ್ರೆ. ಪಾಪ, ಅವ್ರಿಗೇನ್ ಗೊತ್ತಿರ್ತೈತೆ."

ಸೂರಮ್ಮನ ಬೆರಳುಗಳು ನಿಧಾನವಾಗಿ ಸುತ್ತುವುದನ್ನು ನಿಲ್ಲಿಸಿದವು. ಚಿತ್ರದುರ್ಗಕ್ಕೆ ಕಳಿಸಲಿಲ್ಲ.

ಐದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಡಾಕ್ಟರು ಅವಳಿಗೆ ಮಾತ್ರೆಗಳ ಒಂದು ಲೆಕ್ಕ ಬರೆದುಕೊಟ್ಟಳು: ಈ ವಾರ ಇಷ್ಟು, ಮುಂದಿನ ವಾರ ಅದಕ್ಕಿಂತ ಸ್ವಲ್ಪ ಕಮ್ಮಿ, ಹೀಗೆ ಹೆರಿಗೆಯವರೆಗೆ, ಆಮೇಲೂ ಕೆಲವು ವಾರ. ಆ ಮಾತ್ರೆ ಆಸ್ಪತ್ರೆಯಲ್ಲಿರಲಿಲ್ಲ. ಊರಿನ ಅಂಗಡಿಯಲ್ಲಿ ಸಿಕ್ಕರೆ ಸಿಕ್ಕೀತು. ಚಳ್ಳಕೆರೆಯಿಂದ ನಾನು ತಂದುಕೊಡುತ್ತೇನೆ ಎಂದು ತಿಪ್ಪೇರುದ್ರ ಹೇಳಿದ್ದು ಯಾರೂ ಕೇಳುವ ಮೊದಲೇ. ಪ್ರತಿ ಶನಿವಾರ ಮಧ್ಯಾಹ್ನ ಅವನು ಮಾತ್ರೆಯ ಪಟ್ಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದ. ಮೆಡಿಕಲ್ ಅಂಗಡಿಯವನು ಮೂರನೇ ವಾರದಿಂದ ಚೀಟಿ ತಿರುಗಿಸಿ ತಿರುಗಿಸಿ ನೋಡತೊಡಗಿದ, "ಮನೇಲಿ ಯಾರಿಗೆ ಸಾರ್ ನಿದ್ದೆ ಬರಲ್ಲ?" ಎಂದು ಕೇಳಿದ. ಸ್ಟಾಫ್ ರೂಮಿನಲ್ಲಿ ತಿಪ್ಪೇರುದ್ರ ಮಾತ್ರೆ ನುಂಗುತ್ತಾನಂತೆ ಎಂಬ ಸುದ್ದಿ ಹರಡಿತು. ಅವನು ಅಲ್ಲಗಳೆಯಲಿಲ್ಲ. ಇಂಥ ಅಪವಾದವನ್ನು ಮೌನವಾಗಿ ಹೊರುವುದರಲ್ಲಿ ಒಂದು ಪ್ರಾಯಶ್ಚಿತ್ತವಿದೆ ಅನ್ನಿಸುತ್ತಿತ್ತು. ಅದರಲ್ಲೂ ಇದು ಅಷ್ಟೇನೂ ಭಾರವಲ್ಲದ ಪ್ರಾಯಶ್ಚಿತ್ತ. ಹಟ್ಟಿಯಲ್ಲಿ ಕೊಟ್ರಮ್ಮ ಆ ಪಟ್ಟಿಯನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಅರ್ಧ ಮಾತ್ರೆಯ ವಾರ ಬಂದಾಗ ಅಡಕತ್ತರಿಯಲ್ಲಿ ಒಂದೊಂದನ್ನೇ ಕತ್ತರಿಸಿ, ಪುಡಿ ಉದುರಿದ್ದನ್ನೂ ಬೆರಳಿಗೆ ಅಂಟಿಸಿ ಸೊಸೆಯ ನಾಲಿಗೆಗೆ ಹಚ್ಚುತ್ತಿದ್ದಳು. ಸೊಸೆಗೆ ನಿದ್ದೆ ಹತ್ತದ ರಾತ್ರಿಗಳಲ್ಲಿ ತಾನೂ ಕೂತಿರುತ್ತಿದ್ದಳಂತೆ. ಸೊಸೆ ನೋಡುತ್ತಾಳೆಂದು ತಾನೂ ಗಡಿಯಾಚೆ ಹೋಗುವುದನ್ನು ಕಡಿಮೆ ಮಾಡಿದ್ದಳಂತೆ. ಇದನ್ನೆಲ್ಲ ಹೇಳಿದ್ದು ಯತ್ತಪ್ಪ, ಒಂದು ಶನಿವಾರ ಅದೇ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಊರಿಗೆ ಬರುವಾಗ. "ನಮ್ಮವ್ವ ನಿಮ್ಮನ್ನ ಬಾಳ ನೆನಸ್ತೈತೆ ಸಾರ್," ಎಂದೂ ಹೇಳಿದ.

ಗೈಡು ಮಾತ್ರ ನೆನೆಸಿಕೊಳ್ಳಲಿಲ್ಲ. ವರದಿ ಓದಿ ಫೋನಿನಲ್ಲಿ ಹೇಳಿದರು: "ಹದಿನೇಳನೆಯ ಕೇಸು ತೆಗೆದುಹಾಕಿ. ಹೆರಿಗೆವರೆಗೆ ಸಿಗೋ ಆರೈಕೆಯನ್ನ ನೋಡಿ ಬರೀರಿ ಅಂದ್ರೆ ನೀವೇ ಕೊಡೋಕೆ ಹೋದ್ರೆ ಹೇಗೆ? ಅದು ಅಧ್ಯಯನ ಆಗಲ್ಲ, ಸಮಾಜಸೇವೆ ಆಗುತ್ತೆ. ಉಳಿದ ಇಪ್ಪತ್ತೊಂಬತ್ತು ಸಾಕು." ಉಳಿದ ಇಪ್ಪತ್ತೊಂಬತ್ತರಲ್ಲಿ ಹನ್ನೊಂದು ನಶ್ಯ, ಹದಿನೆಂಟು 'ಗೊತ್ತಿಲ್ಲ'. ಅವನು ಆಗಲಿ ಸಾರ್ ಎಂದ.

ಜೂನ್ ತಿಂಗಳ ಕೊನೆಯಲ್ಲಿ ಸೂರಮ್ಮ ಗಂಡುಮಗು ಹೆತ್ತಳು. ಮೊದಲ ಕೆಲವು ದಿನ ಅದು ಸಣ್ಣ ಸದ್ದಿಗೂ ಕೈಕಾಲು ಅದುರಿಸುತ್ತಿತ್ತು, ಮೊಲೆ ಸರಿಯಾಗಿ ಹಿಡಿಯುತ್ತಿರಲಿಲ್ಲ. ಡಾಕ್ಟರು ಹತ್ತು ದಿನ ಆಸ್ಪತ್ರೆಯಲ್ಲೇ ಉಳಿಸಿಕೊಂಡಳು. ಆಮೇಲೆ ಸರಿಹೋಯಿತು. ಆಗಸ್ಟಿನ ಮೊದಲ ವಾರ ಕೊನೆಯ ಕಾಲು ಮಾತ್ರೆಯೂ ಮುಗಿಯಿತು. ಅದರ ಮುಂದಿನ ಶನಿವಾರ, ಜೇಬಿನಲ್ಲಿ ಏನೂ ಇಲ್ಲದೆ, ಹೋಗಲು ಕಾರಣವೂ ಇಲ್ಲದೆ, ತಿಪ್ಪೇರುದ್ರ ಅದೇ ಬಸ್ಸಿಗೆ ಹೋದ.

ಕೊಟ್ರಮ್ಮ ಹೊಲಕ್ಕೆ ಹೋಗಿದ್ದಳು. ಸೂರಮ್ಮ ಬಾಗಿಲ ಬೆಳಕಿಗೆ ರಾಟೆ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ಎಳೆ ಹರಿಯುತ್ತಿರಲಿಲ್ಲ. ಮಗು ಸೀರೆಯ ಜೋಲಿಯಲ್ಲಿ ಮಲಗಿತ್ತು. ಅವನು ಜಗುಲಿಯ ಮೇಲೆ ಕೂತ. ಒಂದು ಕಂಡಿಕೆ ತುಂಬಿದ ಮೇಲೆ ಅವಳೇ, "ಮಗು ಆದ್ ಮ್ಯಾಲೆ ಇನ್ನೊಂದು ಸಲ ಕೇಳ್ತೀನಿ ಅಂದಿದ್ರಿ. ಕೇಳಲ್ವಾ? ನಾನು ಎಲ್ಲ ನೆನಪಿಟ್ಕಂಡು ಕುಂತೀನಿ," ಎಂದಳು. ನಿಮ್ಮ ಕೇಸು ತೆಗೆದುಹಾಕಿದ್ದಾರೆ ಎನ್ನಲು ಅವನಿಗೆ ನಾಚಿಕೆಯಾಯಿತು. ಚೀಲದಲ್ಲಿ ಖಾಲಿ ಫಾರಮ್ಮು ಇತ್ತು. ಕೇಳುತ್ತ ಹೋದ, ಅವಳು ರಾಟೆ ತಿರುಗಿಸುತ್ತಲೇ ಉತ್ತರ ಹೇಳಿದಳು. ಅವನು ಯಾರಿಗೂ ಬೇಡವಾದ ಆ ಉತ್ತರಗಳನ್ನು ಶ್ರದ್ಧೆಯಿಂದ ಬರೆದುಕೊಂಡ. ಕೊನೆಕೊನೆಗೆ ಒಂದು ಪ್ರಶ್ನೆ ಬಂತು: ಚಟವನ್ನು ಬಿಡಲು ನಿಮಗೆ ನೆರವಾದವರು ಯಾರು?

"ನಮ್ಮತ್ತೆ," ಎಂದಳು ಸೂರಮ್ಮ.

ಅವನು ಬರೆದ. ಪೆನ್ನು ಎತ್ತಿ ಹಿಡಿದೇ ಕೂತ. "ಇನ್ನೂ ಯಾರಾದ್ರೂ...?" ಎಂದು ಕೇಳಿದ. ಅದು ಫಾರಮ್ಮಿನಲ್ಲಿರಲಿಲ್ಲ.

ಸೂರಮ್ಮ ನಕ್ಕಳು. "ನಿಮ್ ಹೆಸರೂ ಬರ್ಕಳಿ ಮೇಷ್ಟ್ರೇ. ನಂದೇನು ಹೋಗ್ತೈತೆ."

ಅವನ ಕಿವಿ ಬಿಸಿಯಾಯಿತು. ಅವಳ ನಗುವಿನಲ್ಲಿ ಕುಹಕವಿರಲಿಲ್ಲ. ಮಗುವೊಂದು ಸಿಹಿಗೆ ಕೈ ಚಾಚಿದ್ದನ್ನು ಕಂಡ ದೊಡ್ಡವರ ನಗು ಅದು. ಅದನ್ನು ತಡೆಯಲಾರದೆ, ಈ ನಗುವಿಗೆ ತಾನು ಯೋಗ್ಯನಲ್ಲವೆಂದು ಸಾಬೀತು ಮಾಡಲೇಬೇಕು ಅನ್ನಿಸಿ, ತಿಂಗಳುಗಳಿಂದ ಎದೆಯಲ್ಲಿದ್ದದ್ದನ್ನು ಅವನು ಹೇಳಿಬಿಟ್ಟ. "ಸೂರಮ್ಮ, ಒಂದೇ ಸಲಕ್ಕೆ ಬಿಡಬಾರದು ಅಂತ ನನಗೆ ಗೊತ್ತಿತ್ತು. ಓದಿದ್ದೆ. ಬರೆದೂ ಇಟ್ಟಿದ್ದೆ. ನಿಮಗೆ ಹೇಳುವಾಗ ನೆನಪಾಗಲಿಲ್ಲ. ಶನಿವಾರ ಮಧ್ಯಾಹ್ನ ನೆನಪಾಯ್ತು. ನಾಲ್ಕು ಗಂಟೆಗೆ ಬಸ್ಸಿತ್ತು. ನಾನು ಬರಲಿಲ್ಲ." ಹೇಳಿ ಮುಗಿಸಿದಾಗ ಅವನಿಗೆ ಕಣ್ಣು ತುಂಬಿ ಬಂತು. ಹಗುರವೂ ಆಯಿತು.

ರಾಟೆ ನಿಂತಿತ್ತು. "ಗೊತ್ತಿತ್ತಾ?" ಎಂದಳು ಸೂರಮ್ಮ.

ಅವನು ತಲೆಯಾಡಿಸಿದ.

"ಶನಿವಾರ ಗೊತ್ತಿತ್ತಾ? ನನಗೆ ಬಂದಿದ್ದು ಭಾನುವಾರ ಬೆಳಗಿನ ಜಾವ." ಅವಳು ಜೋಲಿಯ ಕಡೆ ನೋಡಿ, ಮತ್ತೆ ಅವನ ಕಡೆ ತಿರುಗಿದಳು. "ಯಾಕೆ ಬರ್ಲಿಲ್ಲ?"

ಬೇರೆ ಯಾವ ಕಾರಣವಾದರೂ ಸಿಗುತ್ತದೋ ಎಂದು ಅವನು ಹುಡುಕಿದ. "ಕಾಲೇಜಿನಲ್ಲಿ ಒಂದು ಸಮಾರಂಭ. ವಂದನಾರ್ಪಣೆ ಇತ್ತು."

"ಹಂಗಂದ್ರೇನು?"

"ಬಂದೋರಿಗೆಲ್ಲ... ಉಪಕಾರ ಆಯ್ತು ಅಂತ ಹೇಳೋದು."

ಸೂರಮ್ಮ ಬೈಯಲಿಲ್ಲ. ಬೈದಿದ್ದರೆ ಅವನು ಸಂತೋಷದಿಂದ ಬೈಸಿಕೊಳ್ಳುತ್ತಿದ್ದ. ಅದಕ್ಕೆ ತಯಾರಾಗಿ ತಲೆಯನ್ನೂ ತಗ್ಗಿಸಿದ್ದ. ಅವಳು ಹರಿಯದ ಎಳೆಯನ್ನು ಬೆರಳಿನಿಂದ ಬಿಡಿಸಿ, ಕಂಡಿಕೆಯನ್ನು ಬುಟ್ಟಿಯಲ್ಲಿಟ್ಟಳು. "ಇದನ್ನ ನಮ್ಮತ್ತೆ ಮುಂದೆ ಹೇಳ್ಬ್ಯಾಡ್ರಿ," ಎಂದಳು. "ಆಯಮ್ಮ ನಿಮ್ಮನ್ನ ಏನೂ ತಿಳೀದ ಪೆದ್ದ ಅನ್ಕಂಡೈತೆ. ಪಾಪ, ಓದಿ ಓದಿ ಹಂಗಾಗೈತೆ ಅಂತೈತೆ. ಅದಕ್ಕೇ ಆವತ್ತು ಡಾಕ್ಟರಮ್ಮಂಗೆ ನಿಮ್ ಹೆಸರು ಹೇಳ್ಲಿಲ್ಲ. ಹಂಗೇ ಇರ್ಲಿ."

ಮಗು ಎದ್ದು ಅತ್ತಿತು. ಅವಳು ಎತ್ತಿಕೊಂಡು, ಅವನಿಗೆ ಬೆನ್ನು ಮಾಡಿ, ಒಳಗಿನ ಗೋಡೆಯ ಕಡೆಗೆ ಕೂತಳು. ಅವನು ಚೀಲ ಹೆಗಲಿಗೇರಿಸಿ ಅಂಗಳಕ್ಕೆ ಇಳಿದಾಗ, ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಕೊಟ್ರಮ್ಮ ಎದುರಾದಳು. ಹೊರೆಯನ್ನು ಕೆಳಗೆ ಹಾಕಿ, ಅವನ ಮುಖ ನೋಡಿ, "ಇದೇನಪ್ಪಾ, ಮಕ ಹಿಂಗಾಗೈತೆ? ಉಂಡಿಲ್ವಾ?" ಎಂದಳು.

"ಇಲ್ಲಮ್ಮ, ಬಸ್ಸಿಗೆ ಹೊತ್ತಾಯ್ತು."

"ಬಸ್ಸು ಎಲ್ಲಿಗೋಗ್ತೈತೆ. ಬಾ, ಬಾ. ಹೇಳೋರಿಲ್ಲ ಕೇಳೋರಿಲ್ಲ ನಿನಗೆ," ಎಂದು ಅವನ ತೋಳು ಹಿಡಿದು, ತಪ್ಪಿಸಿಕೊಂಡ ಕರುವನ್ನು ಒಳಗೆ ಕಟ್ಟುವಂತೆ, ಮತ್ತೆ ಹೊಸ್ತಿಲು ದಾಟಿಸಿದಳು. ಮಣೆ ಹಾಕಿದಳು. "ಸೂರೀ, ಮೇಷ್ಟ್ರಿಗೆ ಮುದ್ದೆ ಇಕ್ಕೇ," ಎಂದು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು.

ಸೂರಮ್ಮ ಮಗುವನ್ನು ಒಂದು ಕೈಯಲ್ಲಿ ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ತಟ್ಟೆ ತಂದಿಟ್ಟಳು. ಮುದ್ದೆಯ ಪಕ್ಕ ಸಾರು ಬಿಟ್ಟಳು. ಅವನ ಮುಖ ನೋಡಲಿಲ್ಲ. ಸಿಟ್ಟಿರಲಿಲ್ಲ, ಸ್ನೇಹವೂ ಇರಲಿಲ್ಲ. ಬಂದವರಿಗೆ ಬಡಿಸುವಂತೆ ಬಡಿಸಿದಳು. ಅವನು ಮುರಿದು, ಅದ್ದಿ, ನುಂಗಿದ. ಹಿತ್ತಲಿನಿಂದ ಕೊಟ್ರಮ್ಮ, "ಇನ್ನೊಂದ್ ಚೂರು ಇಕ್ಕೇ, ನಾಚಿಕಂತಾನೆ," ಎಂದು ಕೂಗಿ ಹೇಳಿದಳು. ಸೂರಮ್ಮ ಇನ್ನೊಂದು ಮುದ್ದೆ ಹಾಕಿದಳು. ಅವನಿಗೆ ಹೊಟ್ಟೆ ತುಂಬಿತ್ತು. ಸಾಕು ಎನ್ನುವ ಧೈರ್ಯ ಬರಲಿಲ್ಲ.